ದೊಡ್ಡಜ್ಜಿಯ ಕಲ್ಲುಗೂಸು

ನಮ್ಮ ಕಡೆ ಹೆಂಗಸರು ಚಿಪ್ಪು ಒಡೆದು ಕೊಬ್ಬರಿ ತೆಗೆಯಲು ಕೂತರೆ ಮಾತಿಗೇನೂ ಬರವಿಲ್ಲ. ಗ್ರಹಣದಲ್ಲಿ ಬಸುರಿ ಈಳಿಗೆಮಣೆ ಮುಟ್ಟಿದರೆ ಕೂಸಿನ ತುಟಿ ಸೀಳುತ್ತದೆ, ಹಾವು ಹೊಡೆದ ಮನೆಯಲ್ಲಿ ಮೈಯೆಲ್ಲ ಪೊರೆ ಇರುವ ಮಗು ಹುಟ್ಟುತ್ತದೆ, ಇಂಥವನ್ನೆಲ್ಲ ನಾನು ಬಿಳಿಗೆರೆಯ ನಮ್ಮ ಮನೆಯ ಜಗಲಿಯಲ್ಲೇ ಕಲಿತದ್ದು. ಅವುಗಳಲ್ಲೊಂದು ಕಲ್ಲುಗೂಸಿನ ಕಥೆ. ಯಾವಳೋ ಬಸುರಿ ದೇವರಿಗೆ ಹೊತ್ತ ಹರಕೆ ಮರೆತಳಂತೆ, ಅವಳ ಹೊಟ್ಟೆಯ ಕೂಸು ಹುಟ್ಟುವುದೇ ಇಲ್ಲವೆಂದು ಹಟ ಹಿಡಿದು ಒಳಗೇ ಕಲ್ಲಾಯಿತಂತೆ. ಈ ಕಥೆ ಹೇಳುವಾಗ ಮಾತ್ರ ಎಲ್ಲರೂ ದನಿ ತಗ್ಗಿಸಿ ಅಟ್ಟದ ಕಡೆ ನೋಡುತ್ತಿದ್ದರು. ಅಟ್ಟದ ಮೇಲೆ ನಮ್ಮ ದೊಡ್ಡಜ್ಜಿ ಇರುತ್ತಿದ್ದಳು.

ದೊಡ್ಡಜ್ಜಿ ಎಂದರೆ ನಮ್ಮಜ್ಜಿಯ ಅಕ್ಕ. ಅವಳನ್ನು ತುರುವೇಕೆರೆ ಕಡೆಗೆ ಕೊಟ್ಟಿದ್ದರು. ಏಳನೇ ತಿಂಗಳಲ್ಲಿ ಮಡಿಲು ತುಂಬಿಸಿಕೊಂಡಿದ್ದಳು. ಸೆರಗಿನಲ್ಲಿ ಅಕ್ಕಿ, ಬೆಲ್ಲ, ಕಾಯಿ, ಕೈ ತುಂಬ ಹಸಿರು ಬಳೆ. ದಿನ ತುಂಬಿದಾಗ ನೋವು ಬಂತು, ಎರಡು ದಿನ ಇದ್ದು ನಿಂತುಹೋಯಿತು. ಕೂಸು ಬರಲೇ ಇಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ತಿಂಗಳುಗಳು ಕಳೆದಂತೆ ಹೊಟ್ಟೆಯೂ ಇಳಿಯಿತು. ಅತ್ತೆ ಅವಳನ್ನು ಸುಳ್ಳು ಬಸುರಿ ಎಂದಳು, ಊರೂ ಅದನ್ನೇ ಅಂದಿತು. ಗಂಡ ಇನ್ನೊಂದು ಮದುವೆಯಾದ. ಇವಳು ಬಂದು ತಂಗಿಯ ಮನೆ ಸೇರಿದಳು. ಆಮೇಲೆ ಅರವತ್ತು ವರ್ಷ ಯಾರು ಏನೇ ಕೇಳಿದರೂ ಅವಳದು ಒಂದೇ ಮಾತು.

"ಮಗ ಒಳಗೇ ಅದೆ."

ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ನೋಡುವುದು ನಮ್ಮ ಮನೆಯಲ್ಲಿ ಅವಳ ಕೆಲಸ. ಕಾಯಿ ಅಟ್ಟ ಏರಿ ವರ್ಷವಾಗುವ ಹೊತ್ತಿಗೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡಿರುತ್ತದೆ. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಕಟಕಟ ಎಂದರೆ ಕೆಳಗೆ ಬಿಡುತ್ತಿದ್ದಳು. ನನಗಾಗ ಏಳೆಂಟು ವರ್ಷ. ಒಂದು ದಿನ ನನ್ನ ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಎಡಗಡೆ ಗಟ್ಟಿಯಾಗಿ ಏನೋ ಸಿಕ್ಕಿತು.

"ಇದೂ ಹಂಗೇ ಕಣೇ. ಒಳಗೇ ಒಣಗ್ಬುಡ್ತು," ಅಂದಳು.

ನಾನು ಏಣಿ ಇಳಿದು ಬಂದವಳೇ ಜಗಲಿಯಲ್ಲಿ ಹೊಟ್ಟೆ ಮುಂದೆ ಮಾಡಿ ನಿಂತು, ಮೈ ಅಲ್ಲಾಡಿಸಿ 'ಕಟಕಟ' ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಲೆ ಕಾಯಿ ಅಲ್ಲಾಡಿಸುವ ಸದ್ದು ನಿಂತಿತು. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಾನು ಓದಿ, ತಿಪಟೂರಿನಲ್ಲಿ ಟೀಚರ್ ಆದೆ. ಕೆಲವು ವರ್ಷಗಳ ಹಿಂದೆ ದೊಡ್ಡಜ್ಜಿಗೆ ಹೊಟ್ಟೆನೋವು ಜಾಸ್ತಿಯಾಯಿತು. ಅದುವರೆಗೂ ಆಸ್ಪತ್ರೆ ಎಂದರೆ ಉರಿದುಬೀಳುತ್ತಿದ್ದವಳು ಸ್ಕ್ಯಾನ್ ಮಾಡಿದರೆ ಹೊಟ್ಟೆಯಲ್ಲಿರುವುದೆಲ್ಲ ಕಾಣುತ್ತದೆ ಎಂದ ತಕ್ಷಣ ಒಪ್ಪಿಕೊಂಡಳು. ಮಡಿಸಿಟ್ಟಿದ್ದ ಸೀರೆ ಉಟ್ಟಳು. ಚಿಕ್ಕಪ್ಪ ಗೊತ್ತುಮಾಡಿದ ಕಾರಿನಲ್ಲಿ ನನ್ನ ಕಿವಿಯಲ್ಲಿ ಕೇಳಿದಳು: "ಮಿಷನ್ನಿಗೆ ಸುಳ್ಳು ಹೇಳಕ್ಕೆ ಬರಲ್ಲ, ಅಲ್ವೇನೇ?"

ತುಮಕೂರಿನಲ್ಲಿ ಡಾಕ್ಟರಮ್ಮ ನನ್ನನ್ನೂ ಚಿಕ್ಕಪ್ಪನನ್ನೂ ಒಳಗೆ ಕರೆದು ಕಂಪ್ಯೂಟರಿನಲ್ಲಿ ತೋರಿಸಿದರು. ಪುಟ್ಟ ಬೆನ್ನುಮೂಳೆ. ಮಡಚಿದ ಮೊಣಕಾಲು. ತಲೆ. ಬಹಳ ಅಪರೂಪ ಇದು, ಪುಸ್ತಕದಲ್ಲಿ ಓದಿದ್ದೆ ಅಷ್ಟೆ ಎಂದರು. ಗರ್ಭಕೋಶದ ಹೊರಗೆ ಬೆಳೆದ ಕೂಸಿಗೆ ಬರಲು ದಾರಿಯೇ ಇರಲಿಲ್ಲ. ಒಳಗೇ ಸತ್ತಿತು. ಅದು ತಾಯಿಗೆ ನಂಜಾಗದಂತೆ ಮೈಯೇ ಅದರ ಸುತ್ತ ಸುಣ್ಣ ಕಟ್ಟಿಕೊಂಡಿತ್ತು. ಈ ವಯಸ್ಸಿನಲ್ಲಿ ಆಪರೇಷನ್ ಬೇಡ, ಮನೆಗೆ ಕರೆದುಕೊಂಡು ಹೋಗಿ ಎಂದರು.

ಹೊರಗೆ ಬಂದಾಗ ಚಿಕ್ಕಪ್ಪ ಕಣ್ಣೊರೆಸಿಕೊಂಡು, "ಹೇಳ್ಬ್ಯಾಡ ಕಣವ್ವ, ಎದೆ ಒಡ್ಕಂತಾಳೆ," ಅಂದ. ನಮ್ಮಲ್ಲಿ ಕಾಯಿಲೆ ಏನೆಂದು ಊರಿಗೆಲ್ಲ ಗೊತ್ತಿರುತ್ತದೆ, ಕಾಯಿಲೆಯವರಿಗೆ ಮಾತ್ರ ಹೇಳುವುದಿಲ್ಲ. ಓದಿದವಳು ನಾನು, ನಾನೂ ತಲೆಯಾಡಿಸಿದೆ.

ದೊಡ್ಡಜ್ಜಿ ಬೆಂಚಿನ ಮೇಲೆ ಕಾಯುತ್ತಿದ್ದಳು. "ಏನ್ ಕಾಣುಸ್ತು? ಕೈಕಾಲು ಕಾಣುಸ್ತಾ?"

"ಏನಿಲ್ಲ ದೊಡ್ಡಜ್ಜಿ. ಒಂದು ಗೆಡ್ಡೆ, ಅಷ್ಟೆ."

"ಮಗ?"

"ಮಗ ಗಿಗ ಏನೂ ಇಲ್ವಂತೆ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, "ಆಯ್ತು ಬುಡು," ಅಂದಳು. ಗಂಡ, ಅತ್ತೆ, ಊರು ಯಾರು ಹೇಳಿದರೂ ಅರವತ್ತು ವರ್ಷ ಒಪ್ಪದವಳು ನನ್ನ ಒಂದು ಸುಳ್ಳನ್ನು ಒಪ್ಪಿಕೊಂಡಳು. ಮತ್ತೆ ಯಾವತ್ತೂ ಅವಳು ಆ ಮಾತು ಎತ್ತಲಿಲ್ಲ. ಪ್ರತಿ ಭಾನುವಾರ ನಿಜ ಹೇಳಬೇಕೆಂದೇ ಊರಿಗೆ ಹೋಗುತ್ತಿದ್ದೆ. ಚಿಕ್ಕಮ್ಮ ಕಾಫಿ ಕೊಡುತ್ತಿದ್ದಳು, ಕುಡಿದು ಬಸ್ಸು ಹತ್ತುತ್ತಿದ್ದೆ. ತಿಂಗಳು ತುಂಬುವುದರಲ್ಲಿ ದೊಡ್ಡಜ್ಜಿ ತೀರಿಕೊಂಡಳು.

ಕಲ್ಲುಗೂಸಿನ ಕಥೆ ಹುಟ್ಟಿದ್ದು ಹೇಗೆಂದು ಈಗ ನನಗೆ ಅನ್ನಿಸುವುದಿಷ್ಟು. ಎಂದೋ ಒಬ್ಬಳು ಇಂಥದೇ ಕೂಸನ್ನು ಹೊತ್ತು ತಿರುಗಿರಬೇಕು, ನಮ್ಮ ದೊಡ್ಡಜ್ಜಿಯ ಹಾಗೆ ಎದುರಿಗೆ ಸಿಕ್ಕವರಿಗೆಲ್ಲ ಹೇಳಿರಬೇಕು. ಕೇಳಿದವರು ಕೂಸನ್ನು ಕಥೆಯಲ್ಲಿ ಉಳಿಸಿಕೊಂಡರು, ಹೊತ್ತವಳನ್ನು ಪಾಪಿ ಮಾಡಿದರು. ಹರಕೆ, ಶಾಪ ಎಲ್ಲ ಆಮೇಲೆ ಸೇರಿದ್ದು.

ಹೆಣಕ್ಕೆ ಸ್ನಾನ ಮಾಡಿಸಿದ ಮೇಲೆ ನಾನು ಅಕ್ಕಿ, ಬೆಲ್ಲ, ಕಾಯಿ, ಒಂದು ಡಜನ್ ಹಸಿರು ಬಳೆ ತಂದು ಅವಳ ಸೆರಗಿಗೆ ತುಂಬಲು ಕೂತೆ.

"ಇದೇನೇ ಇದು, ಸತ್ತೋಳಿಗೆ ಮಡಿಲು ತುಂಬ್ತೀಯ?" ಚಿಕ್ಕಮ್ಮ ಕೈ ಹಿಡಿದುಕೊಂಡಳು.

"ಬಸುರಿ ಕಣ ಚಿಕ್ಕಮ್ಮ ಅವಳು. ಸ್ಕ್ಯಾನಲ್ಲಿ ನೋಡಿದ್ದೀನಿ. ಕೈಕಾಲು ಎಲ್ಲ ಕಾಣುಸ್ತು."

ಅಂಗಳ ಪೂರ್ತಿ ಕೇಳುವಂತೆ ಹೇಳಿದೆ. ಚಿಕ್ಕಪ್ಪ ತಲೆ ತಗ್ಗಿಸಿದ. ಚಿಕ್ಕಮ್ಮ ನನ್ನ ಕೈ ಬಿಟ್ಟು, ತಾನೇ ಒಳಗೆ ಹೋಗಿ ಒಂದು ಬೊಗಸೆ ಅಕ್ಕಿ ತಂದು ಹಾಕಿದಳು, ಅವಳ ಹಿಂದೆ ಉಳಿದವರೂ ಬಂದರು. ಮಡಿಲು ತುಂಬಿತು. ಬಳೆ ಮಾತ್ರ ಏರಲಿಲ್ಲ, ಕೈ ಆಗಲೇ ಸೆಟೆದುಕೊಂಡಿತ್ತು. ಒಂದು ತಿಂಗಳು ಮೊದಲು ತಂದಿದ್ದರೆ ಅವಳೇ ಕೈ ಚಾಚುತ್ತಿದ್ದಳು.