ರೇಡಿಯೋದೊಳಗಿನ ಜೋಕಾಲಿ

ಮಕ್ಕಳೇ, ಆಗ ಬೆಂಗಳೂರಿನ ಪಕ್ಕದ ನಮ್ಮ ಉಲ್ಲಾಳ ಇನ್ನೂ ಹಳ್ಳಿಯಾಗಿತ್ತು. ಸಂಜೆಯಾದರೆ ಒಲೆಯ ಹೊಗೆಯ ಜೊತೆ ಹುರುಳಿ ಬಸ್ಸಾರಿನ ವಾಸನೆ ಬೀದಿಗೆಲ್ಲ ಬರುತ್ತಿತ್ತು. ನಮ್ಮ ಮನೆಯಲ್ಲಿ ರೇಡಿಯೋ, ಕ್ಯಾಸೆಟ್ ಎರಡೂ ಹಾಡುವ ಒಂದು ಟೂ-ಇನ್-ಒನ್ ಇತ್ತು. ಎಫ್‌ಎಂ ಸ್ಟೇಷನ್‌ಗಳು ಇನ್ನೂ ಬಂದಿರಲಿಲ್ಲ, ಅದರ ಎಫ್‌ಎಂ ಕಡೆಗೆ ತಿರುಗಿಸಿದರೆ ಬರೀ ಸುಯ್ ಎನ್ನುವ ಸದ್ದು.

ನಮ್ಮೂರ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಮುಂದೆ ಓದಲು ಕೆಂಗೇರಿಗೆ ಹೋಗಬೇಕು. ನನಗೆ ತುಂಬಾ ಆಸೆ. ಆದರೆ ಅಪ್ಪನ ಎದುರು ನಿಂತರೆ ಬೇರೇನೋ ಕೇಳಿ ಬಂದುಬಿಡುತ್ತಿದ್ದೆ. ಅಮ್ಮ, "ನೀನೇ ಕೇಳೇ, ನಂಗೇನು ಗೊತ್ತು" ಅನ್ನುತ್ತಿದ್ದಳು.

ಆ ಬೇಸಿಗೆಯಲ್ಲಿ, ಐಟಿಐ ಓದುತ್ತಿದ್ದ ನಮ್ಮ ಸೀನಣ್ಣ ರೇಡಿಯೋಗೆ ಮಾತು ಕಳಿಸುವ ಪುಟ್ಟದೊಂದು ಟ್ರಾನ್ಸ್‌ಮಿಟರ್ ಮಾಡಲು ಕೂತ. ತಾಮ್ರದ ತಂತಿಯನ್ನು ಪೆನ್ಸಿಲ್ಲಿಗೆ ಸುತ್ತಿ ಸುರುಳಿ ಮಾಡುವುದು ನನ್ನ ಕೆಲಸ. ತುದಿಗಳನ್ನು ಚೆನ್ನಾಗಿ ಉಜ್ಜು ಎಂದಿದ್ದ. ಉಜ್ಜಿಕೊಟ್ಟೆ. ಎಷ್ಟು ಸಲ ಬೆಸುಗೆ ಹಾಕಿದರೂ ಹಿಡಿಯಲಿಲ್ಲ.

"ಏನ್ ಹಚ್ಚಿದ್ಯೇ ಇದಕ್ಕೆ?"

"ಹುಣಸೆಹಣ್ಣು, ಉಪ್ಪು. ತಾಮ್ರ ಅಲ್ವೇನಣ್ಣ?"

"ಒಗ್ಗರಣೆನೂ ಹಾಕ್ಬಿಡು! ಚೊಂಬಲ್ಲ ಕಣೇ ಇದು. ಮೇಲೆ ವಾರ್ನಿಷ್ ಇರುತ್ತೆ, ಬ್ಲೇಡಲ್ಲಿ ಕೆರೀಬೇಕು."

ಕೆರೆದ ಮೇಲೆ ಹಿಡಿಯಿತು. ಹಿತ್ತಲಲ್ಲಿ ಅದಕ್ಕೆ ಬ್ಯಾಟರಿ ಕೊಟ್ಟು, ನಡುಮನೆಯ ರೇಡಿಯೋ ಮುಳ್ಳನ್ನು ಮೆಲ್ಲಗೆ ಸರಿಸಿದಾಗ ಒಂದು ಕಡೆ ಸುಯ್ ಸದ್ದು ತಟ್ಟನೆ ಅಡಗಿತು. ನಮ್ಮ ಸುರುಳಿ ಅಲ್ಲಿದೆ ಎಂದ ಅಣ್ಣ. ಹೇಗೆಂದು ಕೇಳಿದ್ದಕ್ಕೆ ಹಿತ್ತಲ ಮರದ ಜೋಕಾಲಿ ತೋರಿಸಿದ.

"ಸುರುಳಿಗೂ, ಕರೆಂಟು ತುಂಬಿಟ್ಕೊಳ್ಳೋ ಈ ಕಂಡೆನ್ಸರಿಗೂ ನಡುವೆ ಕರೆಂಟು ಹಿಂದಕ್ಕೂ ಮುಂದಕ್ಕೂ ಆಡುತ್ತೆ, ಜೋಕಾಲಿ ಥರ. ಹಂಗೇ ಬಿಟ್ರೆ ನಿಂತೋಗುತ್ತೆ. ಅದಕ್ಕೇ ಈ ಮೂರು ಕಾಲಿನ ಟ್ರಾನ್ಸಿಸ್ಟರ್ ಹಿಂದೆ ನಿಂತು ನೂಕ್ತಾ ಇರುತ್ತೆ."

"ಯಾವಾಗ ನೂಕ್ಬೇಕು ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?"

"ತಂಗೀನ ನೂಕೋವಾಗ ನಿಂಗೆ ಹೆಂಗೆ ಗೊತ್ತಾಗುತ್ತೆ? ಜೋಕಾಲಿ ವಾಪಸ್ ಬಂದು ಕೈಗೆ ತಾಗುತ್ತಲ್ಲ, ಹಂಗೆ. ನೀನು ಮೈಕಲ್ಲಿ ಮಾತಾಡಿದ್ರೆ ಆ ಆಟ ಒಂಚೂರು ಬಿರುಸು, ಒಂಚೂರು ನಿಧಾನ ಆಗುತ್ತೆ. ಅದನ್ನೇ ರೇಡಿಯೋ ಮಾತು ಮಾಡುತ್ತೆ."

ಆಮೇಲೆ ಮೈಕನ್ನು ನನ್ನ ಕೈಗಿಟ್ಟ. "ಅಪ್ಪ ಬಂದು ರೇಡಿಯೋ ಮುಂದೆ ಕೂತವ್ರೆ. ಈಗ ಕೇಳು."

ಹಿತ್ತಲ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ಕೇಳಿದೆ. "ಅಪ್ಪಾ, ನಾನು ಕೆಂಗೇರಿ ಸ್ಕೂಲಿಗೆ ಹೋಗ್ಲಾ?"

ಕಿಟಕಿಯಿಂದ ಇಣುಕಿದೆವು. ಅಪ್ಪ ಬೀಡಿ ಕೆಳಗಿಟ್ಟರು. ಸುತ್ತ ನೋಡಿದರು. ರೇಡಿಯೋದತ್ತ ಬಾಗಿ, ಅದರ ಕಿವಿಯಲ್ಲಿ ಹೇಳುವ ಹಾಗೆ, "ಹೋಗು ಮಗಾ. ಇಷ್ಟು ದಿನ ಯಾಕೆ ಕೇಳ್ಲಿಲ್ಲ?" ಎಂದರು.

ರೇಡಿಯೋಗೆ ಕೇಳಿಸುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಕೇಳಿಸಿತು. ಅಂದು ಹೋದದ್ದರಿಂದಲೇ ಇಂದು ನಿಮಗೆ ಇಷ್ಟು ಬರೆಯುತ್ತಿದ್ದೇನೆ.

ಈಗ ಆ ಹಿತ್ತಲಿಲ್ಲ, ಅಲ್ಲೆಲ್ಲ ಮನೆಗಳು. ಈ ಕಥೆ ಹೇಳಿಸಿಕೊಂಡು ನಗುತ್ತಿದ್ದ ನನ್ನ ಅಪ್ಪ, ನಿಮ್ಮ ತಾತನೂ ಇಲ್ಲ. ನಿಮ್ಮ ಕಾರಿನ ಎಫ್‌ಎಂನಲ್ಲಿ ಎಲ್ಲಿಗೆ ತಿರುಗಿಸಿದರೂ ಯಾರೋ ಮಾತಾಡುತ್ತಿರುತ್ತಾರೆ. ಸುಯ್ ಎನ್ನುವ ಖಾಲಿ ಜಾಗ ಹುಡುಕುತ್ತೇನೆ. ಸಿಕ್ಕರೆ ಅಲ್ಲಿ ಒಮ್ಮೆ "ಅಪ್ಪಾ" ಎಂದು ಕರೆಯಬೇಕು.