ದಪ್ಪ ಅಕ್ಷರದಲ್ಲಿ ಬಾರದ ಸಂಖ್ಯೆ

ಆ ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಹೆಂಗಸಿಗೆ ಸೊಳ್ಳೆಯಕ್ಕ ಎಂದು ಹೆಸರಿಟ್ಟವನು ಒಬ್ಬ ಬಡಗಿ. ಆರಡಿ ಆಳು, ಸೂಜಿ ಕಂಡರೆ ಮೂರ್ಛೆ ಹೋಗುವವನು. ಅವತ್ತು ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತಿದ್ದ. ಈಕೆ "ಆಯ್ತು, ಏಳಿ" ಎಂದಾಗ ಕಣ್ಣು ಬಿಟ್ಟು, "ಆಯ್ತಾ? ಸೊಳ್ಳೆನೂ ಇಷ್ಟು ನಾಜೂಕಾಗಿ ಕಚ್ಚಲ್ಲ ಬಿಡಿ" ಎಂದ. ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಅಂದಿನಿಂದ ಹುಟ್ಟುಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಯಾರಿಗೂ ನೋವು ಮಾಡದ ಈ ಹೆಂಗಸಿಗೆ ಸ್ವಂತ ಪುಕ್ಕಲುತನ ಮಾತ್ರ ಬೆಟ್ಟದಷ್ಟಿತ್ತು. ಡಾಕ್ಟರು ಕೆಮ್ಮಿದರೆ ಎದ್ದು ನಿಲ್ಲುವಳು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಯಾರೋ ತೀರಿಕೊಂಡರೆಂದೇ ತೀರ್ಮಾನ. ಕೆಲಸ ಕಲಿಸಿದ ಹಿರಿಯಾಕೆ ಮೊದಲ ದಿನವೇ ಹೇಳಿದ್ದಳು: "ನೋಡು, ನಮ್ಮ ಕೆಲಸ ರಕ್ತ ತೆಗೆಯೋದು. ರಿಪೋರ್ಟಲ್ಲಿ ಏನಿದೆ ಅಂತ ಹೇಳೋದು ಡಾಕ್ಟ್ರ ಕೆಲಸ. ಬಾಯಿ ಬಿಟ್ಟೆಯೋ, ಮನೆಗೆ ಹೋದೆ." ಇಪ್ಪತ್ತೆರಡು ವರ್ಷ ಸೊಳ್ಳೆಯಕ್ಕ ಬಾಯಿಗೆ ಹಾಕಿದ ಬೀಗ ತೆಗೆದಿರಲಿಲ್ಲ.

ರಿಪೋರ್ಟು ಅಚ್ಚಾಗಿ ಬರುವ ಯಂತ್ರ ಆಕೆಯ ಮೇಜಿನ ಪಕ್ಕದಲ್ಲೇ ಇತ್ತು. ಆ ಯಂತ್ರಕ್ಕೊಂದು ಚಾಳಿ. ಮೂರು ತಿಂಗಳ ಸಕ್ಕರೆಯ ಸರಾಸರಿ ಆರೂವರೆ ಮುಟ್ಟಿದರೆ, ಅಂದರೆ ಸಕ್ಕರೆ ಕಾಯಿಲೆ ಬಂದೇಬಿಟ್ಟಿದ್ದರೆ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವುದು. ಐದು ಪಾಯಿಂಟ್ ಏಳರಿಂದ ಆರೂವರೆ ಮುಟ್ಟುವ ತನಕ ಕಾಯಿಲೆ ಇನ್ನೂ ಹೊಸ್ತಿಲಾಚೆ ನಿಂತಿರುತ್ತದೆ; ಬಾಗಿಲು ಹಾಕಿಕೊಳ್ಳಲು ಅದೇ ಸರಿಯಾದ ಹೊತ್ತು. ಆ ಸಂಖ್ಯೆಯನ್ನು ಮಾತ್ರ ಯಂತ್ರ ಉಳಿದೆಲ್ಲದರ ಹಾಗೆ ತೆಳ್ಳಗೆ ಹಾಕಿ ಸುಮ್ಮನಾಗುತ್ತಿತ್ತು. ಡಾಕ್ಟರು ಒಬ್ಬೊಬ್ಬರಿಗೆ ಕೊಡುತ್ತಿದ್ದುದು ಐದು ನಿಮಿಷ. ಕಣ್ಣು ದಪ್ಪ ಅಕ್ಷರ ಹುಡುಕುತ್ತಿತ್ತು, ಸಿಗದಿದ್ದರೆ "ಏನೂ ಇಲ್ಲ, ಆರಾಮಾಗಿರಿ" ಎನ್ನುವರು. ಜನ ನಗುತ್ತಾ ಹೊರಬರುವರು. ಆ ನಗು ಕಂಡಾಗಲೆಲ್ಲ ಸೊಳ್ಳೆಯಕ್ಕ ಮುಖ ತಿರುಗಿಸಿ ಸೂಜಿ ಜೋಡಿಸತೊಡಗುವಳು.

ಯಾಕೆಂದರೆ ಆರು ವರ್ಷದ ಹಿಂದೆ ಹಾಗೆ ನಗುತ್ತಾ ಹೊರಬಂದವರಲ್ಲಿ ಆಕೆಯ ಅತ್ತಿಗೆಯೂ ಒಬ್ಬಳು. ರಕ್ತ ತೆಗೆದವಳು ಈಕೆಯೇ. ತೆಳ್ಳಗಿನ ಅಕ್ಷರದ ಆ ಸಂಖ್ಯೆಯನ್ನು ಯಂತ್ರದಿಂದ ಎತ್ತಿಕೊಂಡು, ನೋಡಿ, ಅರ್ಥವಾಗಿಯೂ, ಮಡಿಸಿ ಫೈಲಿಗೆ ಹಾಕಿದವಳೂ ಈಕೆಯೇ. ಡಾಕ್ಟರು ಏನೂ ಇಲ್ಲ ಎಂದರು. ಅತ್ತಿಗೆ ಐದು ವರ್ಷ ಮತ್ತೆ ಕ್ಲಿನಿಕ್ಕಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ಚಪ್ಪಲಿ ಕಚ್ಚಿದ ಗಾಯ ವಾಸಿಯಾಗದೆ ಬಂದಾಗ ಸಂಖ್ಯೆ ಹನ್ನೊಂದು ದಾಟಿತ್ತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರು ಅನ್ನುತ್ತಾರಲ್ಲ, ಹಾಗೇ ಆಯಿತು. ಎಡಗಾಲಿನ ಎರಡು ಬೆರಳು ತೆಗೆದರು.

ಈಗ ಪ್ರತಿ ಭಾನುವಾರ ಸೊಳ್ಳೆಯಕ್ಕ ಅಣ್ಣನ ಮನೆಗೆ ಹೋಗಿ ಆ ಕಾಲು ತೊಳೆದು ಪಟ್ಟಿ ಕಟ್ಟುವಳು. ಅತ್ತಿಗೆ ಅಕ್ಕಪಕ್ಕದವರ ಮುಂದೆಲ್ಲ, "ನನ್ನ ನಾದಿನಿ ಹಾಗೆ ಯಾರಿದ್ದಾರೆ ಹೇಳಿ? ಹೆತ್ತ ಮಗಳೂ ಇಷ್ಟು ಮಾಡಲ್ಲ" ಎಂದು ಹೊಗಳುವಳು. ಕುಂಬಳಕಾಯಿ ಕಳ್ಳನ ಹಾಗೆ ಈಕೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ. ಅತ್ತಿಗೆಗೆ ಗೊತ್ತಾದರೆ ಆ ಮನೆಯ ಬಾಗಿಲು ಮುಚ್ಚಿದಂತೆಯೇ ಎಂಬ ಭಯ ಆಕೆಯನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಹೀಗಿರುವಾಗ ಅತ್ತಿಗೆಯ ಮಗಳೇ ಕ್ಲಿನಿಕ್ಕಿಗೆ ಬಂದಳು. ಮೂವತ್ತೊಂದು ವರ್ಷ, ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಕೂತು ಮಾಡುವ ಕೆಲಸ. ಬೇರೆ ಕೆಲಸಕ್ಕೆ ಸೇರಲು ಆರೋಗ್ಯದ ಸರ್ಟಿಫಿಕೇಟು ಬೇಕಿತ್ತು. "ಅತ್ತೆ, ನೋವಾದ್ರೆ ಅಮ್ಮಂಗೆ ಹೇಳ್ತೀನಿ ನೋಡಿ" ಎಂದು ತಮಾಷೆ ಮಾಡುತ್ತಾ ತೋಳು ಚಾಚಿದಳು. ಮಧ್ಯಾಹ್ನ ಯಂತ್ರ ಕಾಗದ ಉಗುಳಿತು: ಆರು ಪಾಯಿಂಟ್ ಒಂದು, ತೆಳ್ಳಗೆ. ಸೊಳ್ಳೆಯಕ್ಕ ಅದನ್ನೂ ಮಡಿಸಿ ಫೈಲಿಗೆ ಹಾಕಿದಳು. ಒಳಗೆ ಹೋದ ಹುಡುಗಿ ಮೂರೇ ನಿಮಿಷದಲ್ಲಿ ಹೊರಬಂದು, "ಏನೂ ಇಲ್ವಂತೆ ಅತ್ತೆ!" ಎಂದು ಕೈಬೀಸಿ ಹೋದಳು.

ದಾರಿ ಇಲ್ಲದೆ ಏನೂ ಇರಲಿಲ್ಲ. ಎದುರು ಬೀದಿಯ ಸಭಾಂಗಣದಲ್ಲಿ ಇಂಥವರಿಗೆಂದೇ ಒಂದು ತರಗತಿ ನಡೆಯುತ್ತಿತ್ತು. ಒಂದು ವರ್ಷ ಊಟ, ನಡಿಗೆ, ತೂಕ ಎಲ್ಲದರ ಮೇಲೂ ಕಣ್ಣಿಟ್ಟು, ಸಕ್ಕರೆ ಕಾಯಿಲೆ ಒಳಗೆ ಬಾರದಂತೆ ತಡೆಯುವ ತರಗತಿ. ಸೇರಲು ಡಾಕ್ಟರ ಸಹಿಯ ಚೀಟಿ ಬೇಕು. ತರಗತಿಯ ಮೇಡಂ ನೀಲಿ ಚೀಟಿಗಳ ಕಟ್ಟನ್ನು ಎರಡು ಸಲ ತಂದುಕೊಟ್ಟಿದ್ದರು. ಒಂದು ಕಟ್ಟು ಡಾಕ್ಟರ ಮೇಜಿನ ಕುಂಟು ಕಾಲಿನ ಕೆಳಗಿತ್ತು. ಇನ್ನೊಂದನ್ನು ಯಾರೂ ಬಿಚ್ಚಿಯೂ ಇರಲಿಲ್ಲ. ಅಲ್ಲಿ ಇಪ್ಪತ್ತು ಕುರ್ಚಿ, ಕೂರುವವರು ನಾಲ್ಕು ಜನ.

ಸೊಳ್ಳೆಯಕ್ಕ ಬಿಚ್ಚದ ಕಟ್ಟಿನಿಂದ ಒಂದು ಚೀಟಿ ಹರಿದು, ಸೋದರಸೊಸೆಯ ವಿವರ ತುಂಬಿದಳು. ಡಾಕ್ಟರ ಬಾಗಿಲವರೆಗೆ ಹೋದಳು. "ಏನು?" ಎಂದರು. "ಹತ್ತಿ ಮುಗಿದಿದೆ ಸರ್" ಎಂದು ವಾಪಸು ಬಂದಳು. ಮರುದಿನ ಸ್ಪಿರಿಟ್ಟು ಮುಗಿಯಿತು. ಮೂರನೆಯ ದಿನ ಮುಗಿಯುವುದಕ್ಕೆ ಏನೂ ಉಳಿಯದೆ ಚೀಟಿಯನ್ನೇ ಮೇಜಿನ ಮೇಲಿಟ್ಟಳು.

ಡಾಕ್ಟರು ಓದಿ ಕನ್ನಡಕ ತೆಗೆದರು. "ನಾನು ಏನೂ ಇಲ್ಲ ಅಂದವರಿಗೆ ನೀವು ಚೀಟಿ ಬರೀತೀರಾ? ರಕ್ತ ತೆಗೆಯೋರು ಯಾವಾಗಿಂದ ಡಾಕ್ಟ್ರಾದ್ರು?"

"ತಪ್ಪಾಯ್ತು ಸರ್" ಎಂದು ಚೀಟಿಗೆ ಕೈ ಹಾಕಿದವಳು ಅದನ್ನು ಎತ್ತಿಕೊಳ್ಳಲಿಲ್ಲ. "ಇದು ನನ್ನ ಅಣ್ಣನ ಮಗಳು. ಇವಳ ಅಮ್ಮಂಗೆ ಆರು ವರ್ಷದ ಹಿಂದೆ ಆರು ಪಾಯಿಂಟ್ ಎರಡಿತ್ತು. ನೀವು ಏನೂ ಇಲ್ಲ ಅಂದ್ರಿ. ನಾನೂ ನೋಡಿದ್ದೆ, ನಾನೂ ಸುಮ್ಮನಿದ್ದೆ. ಅವರ ಕಾಲಿನ ಬೆರಳು ನಿಮಗೇ ಗೊತ್ತಲ್ಲ ಸರ್."

ಕೆಲಸ ಹೋಯಿತು ಎಂದುಕೊಂಡಳು. ಡಾಕ್ಟರು ಹಳೆಯ ಫೈಲು ತರಿಸಿದರು. ಪುಟ ತಿರುಗಿಸಿ ತಮ್ಮದೇ ಕೈಬರಹದ 'ತೊಂದರೆ ಇಲ್ಲ' ಎಂಬಲ್ಲಿ ನಿಂತರು. ಹೊರಗೆ ಸಾಲಿನಲ್ಲಿ ಮಗುವೊಂದು ಅಳುತ್ತಿತ್ತು. ಅವರ ಮುಖದಲ್ಲೂ ತನ್ನ ಮುಖದಲ್ಲಿರುವಂಥದೇ ಹೆದರಿಕೆ ಇದೆ ಎಂದು ಸೊಳ್ಳೆಯಕ್ಕನಿಗೆ ಅನ್ನಿಸಿತು. ಅದರಿಂದ ಧೈರ್ಯವೇನೂ ಬರಲಿಲ್ಲ, ಇನ್ನಷ್ಟು ಭಯವೇ ಆಯಿತು.

ಸಹಿ ಹಾಕಿ ಹೇಳಿದರು: "ಅರವತ್ತು ಜನ ನೋಡೋವಾಗ ಇದು ನನ್ನ ಕಣ್ಣಿಗೆ ಬೀಳಲ್ಲ ಅಕ್ಕ. ನಾಳೆಯಿಂದ ಇಂಥ ಸಂಖ್ಯೆ ಬಂದ ಪ್ರತಿ ಫೈಲಿನ ಮೇಲೂ ಚೀಟಿ ತುಂಬಿ ಪಿನ್ನು ಹಾಕಿಡಿ. ನೋಡಿ ಸಹಿ ಹಾಕ್ತೀನಿ. ಮರೆತರೆ ಒಳಗೆ ಬಂದು ಬೈರಿ."

ಬೈಯುವ ಪ್ರಶ್ನೆಯೇ ಇರಲಿಲ್ಲ ಅನ್ನಿ. ಆದರೆ ಚೀಟಿ ಕಣ್ಣಿಗೆ ರಾಚುವ ಹಾಗೆ ಪಿನ್ನಾಗತೊಡಗಿತು. ಎರಡು ತಿಂಗಳಲ್ಲಿ ನಲವತ್ತಮೂರು ಜನ ಎದುರು ಬೀದಿ ದಾಟಿದರು. ಬಡಗಿಯೂ ಹೋದ. ಮೇಡಂ ಕುರ್ಚಿ ಸಾಲದೆ ಬೆಂಚು ಹಾಕಿಸಿದರು.

ಸೊಸೆ ಮಾತ್ರ ಹೋಗಲಿಲ್ಲ. ಚೀಟಿ ಕೊಟ್ಟಾಗ, "ಹೊಸ ಕೆಲಸ, ಪುರುಸೊತ್ತೆಲ್ಲಿ ಅತ್ತೆ? ಡಾಕ್ಟ್ರೇ ಏನೂ ಇಲ್ಲ ಅಂದಿದ್ರಲ್ಲ" ಎಂದು ಪರ್ಸಿಗೆ ತುರುಕಿದ್ದಳು. ವಾರವಾರವೂ ಕೇಳಿದರೆ ವಾರವಾರವೂ ಒಂದು ನೆಪ. ಊರಿಗೆಲ್ಲ ಚೀಟಿ ಹಂಚಿದವಳಿಗೆ ಸ್ವಂತ ಮನೆಯ ಹುಡುಗಿಯನ್ನು ಅಲುಗಾಡಿಸಲಾಗಲಿಲ್ಲ. ಅತ್ತಿಗೆಯಿಂದ ಹೇಳಿಸಬಹುದಿತ್ತು. ಹೇಳಿಸಿದರೆ ಅತ್ತಿಗೆ ತನ್ನ ಸಂಖ್ಯೆ ಕೇಳುವಳು. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಒಂದು ಭಾನುವಾರ ಸಂಜೆ ಸೊಳ್ಳೆಯಕ್ಕ ಪಟ್ಟಿ ಕಟ್ಟುತ್ತಿರುವಾಗ ಅತ್ತಿಗೆಯೇ ಆ ನೀಲಿ ಚೀಟಿ ಹಿಡಿದು ಕೂತಿದ್ದಳು. ಮಗಳ ಪರ್ಸಿನಲ್ಲಿ ಚಿಲ್ಲರೆ ಹುಡುಕುವಾಗ ಸಿಕ್ಕಿತ್ತು. ಮಗಳು ಕನ್ನಡಿಯ ಮುಂದೆ ತಲೆ ಬಾಚುತ್ತಾ, "ಅದೇನಿಲ್ಲಮ್ಮ, ಎಲ್ಲರಿಗೂ ಕೊಡ್ತಾರೆ. ಈ ಸಂಖ್ಯೆಯಿಂದ ಯಾರಿಗೆ ಏನಾಗಿದೆ?" ಎಂದಳು.

ಅತ್ತಿಗೆ ಚೀಟಿಯಿಂದ ಕಣ್ಣೆತ್ತಿ ನಾದಿನಿಯನ್ನು ನೋಡಿದಳು. "ಆವಾಗ ನನಗೂ ನೀನೇ ತಾನೆ ರಕ್ತ ತೆಗ್ದಿದ್ದು? ನಂದೆಷ್ಟಿತ್ತು?"

'ನೆನಪಿಲ್ಲ ಅತ್ತಿಗೆ' ಎಂಬ ಮಾತು ಆರು ವರ್ಷದಿಂದ ತಯಾರಾಗಿ ನಾಲಿಗೆಯ ತುದಿಯಲ್ಲಿತ್ತು. ಅಂದುಬಿಟ್ಟರೆ ಭಾನುವಾರಗಳು ಉಳಿಯುತ್ತವೆ, ಹೊಗಳಿಕೆ ಉಳಿಯುತ್ತದೆ. ಕನ್ನಡಿಯಲ್ಲಿ ಹುಡುಗಿ ಬೈತಲೆ ಸರಿಮಾಡಿಕೊಳ್ಳುತ್ತಿದ್ದಳು. ಸೊಳ್ಳೆಯಕ್ಕನ ಕೈಯಲ್ಲಿ ಅತ್ತಿಗೆಯ ಎಡಗಾಲಿತ್ತು, ಬೆರಳುಗಳಿರಬೇಕಾದ ಜಾಗ ಹತ್ತಿಯ ಕೆಳಗೆ ಮೆತ್ತಗೆ ಸಿಗುತ್ತಿತ್ತು.

"ಆರು ಪಾಯಿಂಟ್ ಎರಡು. ಹೆಚ್ಚುಕಮ್ಮಿ ಇವಳದರ ಹಾಗೇ. ನನಗೆ ಅವತ್ತೇ ಗೊತ್ತಿತ್ತು ಅತ್ತಿಗೆ. ಹೇಳೋಕೆ ಹೆದರಿದೆ."

ಬಾಚಣಿಗೆ ನಿಂತಿತು. ಅತ್ತಿಗೆ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಅರ್ಧ ಸುತ್ತಿದ್ದ ಪಟ್ಟಿಯನ್ನು ತಾನೇ ಬಗ್ಗಿ, ಸೊಟ್ಟಸೊಟ್ಟಗೆ ಸುತ್ತಿ ಗಂಟು ಹಾಕಿದಳು. ಆಮೇಲೆ ಗೋಡೆ ಹಿಡಿದು ಎದ್ದಳು.

"ಎಷ್ಟು ಹೊತ್ತಿಗೆ ಅದು, ಆ ತರಗತಿ?"

"ಇವತ್ತೂ ಇದೆ. ಆರು ಗಂಟೆಗೆ."

"ಚಪ್ಪಲಿ ಹಾಕ್ಕೋ" ಎಂದಳು ಮಗಳಿಗೆ. ಹುಡುಗಿ ಹಾಕಿಕೊಂಡಳು. ಅಮ್ಮನ ಕಾಲನ್ನು ಆಗಷ್ಟೇ ಮೊದಲ ಸಲ ಕಂಡವಳ ಹಾಗೆ ನೋಡುತ್ತಿದ್ದಳು. ಸೊಳ್ಳೆಯಕ್ಕ ತನ್ನ ಚೀಲ ಎತ್ತಿಕೊಂಡು ಹಿಂದೆಯೇ ಹೊರಟಳು.

ಬಾಗಿಲಲ್ಲಿ ಅತ್ತಿಗೆ ತಿರುಗಿ ನಿಂತಳು. "ನೀನು ಬರಬೇಡ."

ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಸೊಳ್ಳೆಯಕ್ಕ ಅಲ್ಲೇ ಕಿಟಕಿಗೆ ಮುಖವಿಟ್ಟು, ಅವರಿಬ್ಬರೂ ಸಭಾಂಗಣದ ರಸ್ತೆಗೇ ತಿರುಗಿದರೆಂದು ಖಾತ್ರಿಯಾಗುವ ತನಕ ನಿಂತಿದ್ದಳು.