ಅಲುಗದ ಚೆಂಡು

ಆ ಗಾಲ್ಫ್ ಆಟಗಾರನ ಪ್ರಾಮಾಣಿಕತೆಯನ್ನು ಊರೆಲ್ಲ ಕೊಂಡಾಡುತ್ತಿತ್ತು. ಕೊಂಡಾಡದೆ ಉಳಿದವಳು ಒಬ್ಬಳೇ, ಅವನ ಒಡಹುಟ್ಟಿದ ತಂಗಿ.

ಅವರ ತಂದೆ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಮೈದಾನದ ಬೇಲಿಗೆ ಅಂಟಿಕೊಂಡಂತೆ ಎರಡು ಕೋಣೆಯ ಮನೆ. ಯಾರೋ ಬಿಸುಟ ಕೋಲು ಹಿಡಿದು ಅಣ್ಣ ಅಲ್ಲಿಯೇ ಆಟ ಕಲಿತ. ದೂರಕ್ಕೆ ಹೊಡೆಯುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಈ ಮಾತನ್ನು ತಂಗಿ ಇಂದಿಗೂ ಒಪ್ಪುತ್ತಾಳೆ. ಅವನು ಬೀಸಿದ ಚೆಂಡು ಮರಗಳ ನೆತ್ತಿಯ ಮೇಲೆ ಹಾರಿ, ಹೂವಿಟ್ಟಂತೆ ಹುಲ್ಲಿನ ಮೇಲೆ ಇಳಿಯುತ್ತಿತ್ತು. ಗುಂಡಿಯ ಹತ್ತಿರ ಬಂದನೆಂದರೆ ಕಥೆಯೇ ಬೇರೆ. ಚೆಂಡನ್ನು ಮೆಲ್ಲಗೆ ಗುಂಡಿಗೆ ತಳ್ಳುವಷ್ಟರಲ್ಲಿ ಅವನ ಕೈ ನಡುಗಿಹೋಗುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ನೆಲವೊಂದನ್ನೇ ಅಲ್ಲ, ಗಾಳಿಯನ್ನು, ಬಿಸಿಲನ್ನು, ಎದುರಾಳಿಯ ಕೆಮ್ಮನ್ನು ಕೂಡ ಬೈಯುತ್ತಿದ್ದ. ಅವನ ಬಾಯಿಗೆ ಹೆದರಿ ಬ್ಯಾಗು ಹೊರುವವರು ಯಾರೂ ನಿಲ್ಲದಾದಾಗ, ತಂಗಿ ಹೊಲಿಗೆ ಅಂಗಡಿಯ ಕೆಲಸ ಬಿಟ್ಟು ಹೆಗಲು ಕೊಟ್ಟಳು. ಒಮ್ಮೆ ಅವಳ ನೆರಳು ಅಡ್ಡ ಬಂದದ್ದರಿಂದಲೇ ಸೋತೆನೆಂದು ಕೂಗಾಡಿದ. "ನಾಳೆಯಿಂದ ನೆರಳನ್ನ ಮನೆಯಲ್ಲೇ ಬಿಟ್ಟು ಬರ್ತೀನಣ್ಣ" ಎಂದು ಅವಳು ಬ್ಯಾಗು ಎತ್ತಿಕೊಂಡಳು.

ಸಣ್ಣಪುಟ್ಟ ಪಂದ್ಯಗಳಲ್ಲಿ ವರ್ಷಗಳು ಸವೆದವು. ಕೊನೆಗೊಮ್ಮೆ ದೊಡ್ಡ ಪಂದ್ಯಗಳಿಗೆ ಆಟಗಾರರನ್ನು ಆರಿಸುವ ದಿನ ಬಂತು. ಆವತ್ತು ಅವನು ಚೆನ್ನಾಗಿಯೇ ಆಡಿದ. ಕೊನೆಯ ಗುಂಡಿ; ಚೆಂಡು ಒಂದು ಮಾರು ದೂರದಲ್ಲಿ. ಒಂದೇ ಏಟಿಗೆ ಬಿದ್ದರೆ ಆಯ್ಕೆ, ಒಂದು ಏಟು ಹೆಚ್ಚಾದರೆ ಮನೆಯ ದಾರಿ.

ಈ ಆಟದಲ್ಲಿ ಪ್ರತಿಯೊಬ್ಬನ ಬೆನ್ನಿಗೂ ತೀರ್ಪುಗಾರ ಇರುವುದಿಲ್ಲ. ಹೊಡೆಯಲು ನಿಂತಾಗ ತನ್ನಿಂದ ಚೆಂಡು ಕೂದಲೆಳೆಯಷ್ಟು ಅಲುಗಿದರೂ ಆಟಗಾರನೇ ಹೇಳಿ ಒಂದು ಏಟನ್ನು ದಂಡವಾಗಿ ತೆರಬೇಕು. ಆ ಕಾಲದ ನಿಯಮ ಹಾಗಿತ್ತು.

ಅಣ್ಣ ಕೋಲನ್ನು ಚೆಂಡಿನ ಹಿಂದೆ ಇಟ್ಟ. ತಂಗಿ ಉಸಿರು ಬಿಗಿಹಿಡಿದು ಚೆಂಡನ್ನೇ ನೋಡುತ್ತಿದ್ದಳು. ಚೆಂಡು ಕಲ್ಲಿನಂತೆ ಕುಳಿತಿತ್ತು. ಅಲುಗುತ್ತಿದ್ದುದು ಅವನ ಮಣಿಕಟ್ಟು. ಇದ್ದಕ್ಕಿದ್ದಂತೆ ಅವನು ಹಿಂದೆ ಸರಿದು, ಕೈಯೆತ್ತಿ, ಚೆಂಡು ಅಲುಗಿತು, ದಂಡ ಬರೆದುಕೊಳ್ಳಿ ಎಂದ. ಅಲುಗದ ಚೆಂಡನ್ನು ಮೊದಲಿನ ಜಾಗಕ್ಕೆ ಸರಿಸಿಡುವ ನಾಟಕವನ್ನೂ ಆಡಿದ. ಆಯ್ಕೆ ಆಗಲೇ ಕೈತಪ್ಪಿತ್ತು, ಇನ್ನು ಹೆದರುವುದಕ್ಕೇನಿದೆ? ತಳ್ಳಿದ ಚೆಂಡು ಗುಂಡಿಯ ನಟ್ಟನಡುವೆ ಬಿತ್ತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನದ ಪತ್ರಿಕೆಯಲ್ಲಿ ಗೆದ್ದವನಿಗಿಂತ ಇವನ ಚಿತ್ರವೇ ದೊಡ್ಡದು. ಕ್ಲಬ್ಬಿನವರು ಕರೆದು ಕೋಚ್ ಮಾಡಿದರು. ಶಾಲೆಗಳಲ್ಲಿ ಸತ್ಯದ ಮೇಲೆ ಭಾಷಣ ಮಾಡತೊಡಗಿದ. ಭಾಷಣದಿಂದ ಭಾಷಣಕ್ಕೆ ಆ ಚೆಂಡು ಹೆಚ್ಚುಹೆಚ್ಚು ಅಲುಗಿತು. ಮೊದಲು ಕೂದಲೆಳೆಯಷ್ಟು, ಆಮೇಲೆ ಸಾಸಿವೆಯಷ್ಟು, ಕೊನೆಗೆ ಹೆಬ್ಬೆರಳಷ್ಟು. ಹಾಗೆಯೇ ಬಿಟ್ಟಿದ್ದರೆ ತಾನೇ ಉರುಳಿ ಗುಂಡಿಗೆ ಬೀಳುತ್ತಿತ್ತೇನೋ.

ತಂಗಿ ಬ್ಯಾಗು ಹೊರುವುದನ್ನು ಬಿಟ್ಟಳು. ಕ್ಲಬ್ಬಿನ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಕೋಲುಗಳ ಸವೆದ ರಬ್ಬರ್ ಹಿಡಿಯನ್ನು ಬ್ಲೇಡಿನಿಂದ ಸೀಳಿ ತೆಗೆದು ಹೊಸದನ್ನು ತೊಡಿಸುವ ಕೆಲಸ ಹಿಡಿದಳು. ಯಾರೊಂದಿಗೂ ಬಾಯಿ ಬಿಡಲಿಲ್ಲ. ಹೆದರುವುದು ತಪ್ಪಲ್ಲ, ಒಂದಲ್ಲ ಒಂದು ದಿನ ತನ್ನೆದುರಿಗಾದರೂ ಒಪ್ಪಿಕೊಂಡಾನು, ಆಗ ಅವನು ಮತ್ತೆ ಅಣ್ಣನಾದಾನು ಎಂದು ಕಾದಿದ್ದಳು.

ಅವನ ಹೆಸರಿಗೆ ಮೆಚ್ಚಿ ಸಾಬೂನು ಕಂಪನಿಯ ಮಾಲೀಕನೊಬ್ಬ ಒಂದು ದೊಡ್ಡ ಪಂದ್ಯಕ್ಕೆ ನೇರ ಪ್ರವೇಶ ಕೊಡಿಸಿದ. ಅಣ್ಣ ಆ ಕೋಣೆಗೆ ಬಂದು, ಬ್ಯಾಗು ಹೊರಲು ನೀನೇ ಬರಬೇಕು, ನೀನಿಲ್ಲದೆ ನನ್ನಿಂದಾಗದು ಎಂದು ಗೋಗರೆದ.

"ಬರ್ತೀನಿ. ಆವತ್ತು ಚೆಂಡು ಅಲುಗಿತ್ತಾ?"

ಅವನು ಬಾಗಿಲ ಕಡೆ ನೋಡಿದ.

"ಇಲ್ಲಿ ಯಾರೂ ಇಲ್ಲ ಅಣ್ಣ. ಹೆದರಿದೆ ಅಂತ ನನಗೊಬ್ಬಳಿಗೆ ಹೇಳು ಸಾಕು. ಈಗಲೇ ಬ್ಯಾಗು ಹೆಗಲಿಗೆ ಹಾಕ್ತೀನಿ."

ಅವನ ತುಟಿ ಅಲುಗಿತು. ಅವಳು ಬ್ಲೇಡು ಕೆಳಗಿಟ್ಟು ಕಾದಳು. ಹೊರಟದ್ದು ಶಾಲೆಗಳಲ್ಲಿ ಭಾಷಣ ಮಾಡುವ ದನಿ.

"ಅಲುಗಿತ್ತು ಕಣೇ. ಈಗಲೂ ಕಣ್ಣು ಮುಚ್ಚಿದರೆ ಅಲುಗೋದು ಕಾಣುತ್ತೆ."

"ಹಾಗಾದರೆ ಬೇರೆ ಯಾರನ್ನಾದರೂ ಕರ್ಕೊಂಡು ಹೋಗು."

ಅವನು ಯಾರನ್ನೂ ಕರೆದುಕೊಂಡು ಹೋಗಲಿಲ್ಲ, ತಾನೂ ಹೋಗಲಿಲ್ಲ. ಬೆನ್ನುನೋವು ಎಂದು ಹೇಳಿ ಕಳಿಸಿದ. ಕ್ಲಬ್ಬಿನ ಅಧ್ಯಕ್ಷರು ಸಭೆ ಕರೆದು, ಎಳೆಯರಿಗೆ ದಾರಿ ಬಿಟ್ಟುಕೊಟ್ಟ ಈ ತ್ಯಾಗವನ್ನು ಹೊಗಳಿದರು. ಅಣ್ಣ ತಲೆ ತಗ್ಗಿಸಿ ನಿಂತು ಅದನ್ನೂ ಸ್ವೀಕರಿಸಿದ. ಸಭೆಯ ಹಿಂದಿನ ಸಾಲಿನಲ್ಲಿ ತಂಗಿಯ ಪಕ್ಕ ಕುಳಿತಿದ್ದ ಅಂಗಡಿಯ ಗುಮಾಸ್ತ ಮೆಲ್ಲಗೆ, ನಿಮ್ಮಣ್ಣನಿಗೆ ಬೆನ್ನುನೋವು ಬಹಳವೇ ಎಂದು ಕೇಳಿದ.

"ಇಷ್ಟೊಂದು ದೊಡ್ಡಗುಣ ಹೊತ್ತವರಿಗೆ ಬೆನ್ನು ನೋಯದೆ ಇರುತ್ತಾ?" ಎಂದು ಹೇಳಿ, ಚಪ್ಪಾಳೆ ಮುಗಿಯುವ ಮೊದಲೇ ಅವಳು ಎದ್ದು ತನ್ನ ಕೆಲಸಕ್ಕೆ ಹೋದಳು.